ಲೆಕ್ಕ ಅವರದು, ದುಡ್ಡು ನಮ್ಮದು

ಪ್ರಿಂಟರ್ "ಇಂಕ್ ಖಾಲಿ" ಅಂತ ಹಟ ಹಿಡಿದು ಕೂತಾಗ ಆ ಕಾರ್ಟ್ರಿಜ್ ಬಿಚ್ಚಿ ನೋಡಿ. ಒಳಗಿನ ಸ್ಪಂಜು ಇನ್ನೂ ಒದ್ದೆ ಇರುತ್ತೆ, ಮುಟ್ಟಿದ ಬೆರಳು ಎರಡು ದಿನ ನೀಲಿ. ಹಾಗಾದರೆ ಖಾಲಿ ಅಂತ ಹೇಳಿದ್ದು ಯಾರು? ಯಾವ ಕಣ್ಣಿಂದ ನೋಡಿ ಹೇಳಿದ್ದು? ಯಾರೂ ನೋಡಿಲ್ಲ. ಅದು ಎಣಿಸಿ ಹೇಳಿದ್ದು. ಎಣಿಸುವ ಯಂತ್ರವನ್ನೂ ಇಂಕನ್ನೂ ಮಾರುವವರು ಒಬ್ಬರೇ ಆಗಿರುವಾಗ ಆ ಲೆಕ್ಕ ಯಾವ ಕಡೆಗೆ ವಾಲುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇಂಕ್‌ಜೆಟ್‌ನಲ್ಲಿ ಹನಿಯೊಂದರ ಗಾತ್ರ ಕೆಲವೇ ಪಿಕೋಲೀಟರ್ (ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು ಒಂದು ಪಿಕೋಲೀಟರ್). ಪ್ರಿಂಟ್ ಹೆಡ್ ಎಷ್ಟು ಹನಿ ಉಗುಳಿತು ಅಂತ ಯಂತ್ರ ಎಣಿಸಿ, ಹನಿಯ ಸರಾಸರಿ ಗಾತ್ರದಿಂದ ಗುಣಿಸಿ, ಹೆಡ್ ತೊಳೆಯಲು ಹೋದ ಇಂಕಿನ ಅಂದಾಜನ್ನೂ ಸೇರಿಸಿ, ಒಟ್ಟು ಮೊತ್ತವನ್ನು ಕಾರ್ಟ್ರಿಜ್ ಮೇಲಿನ ಚಿಪ್‌ಗೋ ತನ್ನ ನೆನಪಿಗೋ ಬರೆದುಕೊಳ್ಳುತ್ತೆ. ಪರದೆಯ ಮೇಲೆ ಕಾಣುವ ಪಟ್ಟಿಗಳೆಲ್ಲ ಈ ಅಂದಾಜು. ಕೆಲವು ಮಾಡೆಲ್‌ಗಳಲ್ಲಿ ಟ್ಯಾಂಕಿನ ತಳದಲ್ಲಿ ಪುಟ್ಟ ಪ್ರಿಸಂ ಇಟ್ಟು ಬೆಳಕು ಬಿಟ್ಟು ನಿಜವಾಗಿ ನೋಡುವ ವ್ಯವಸ್ಥೆ ಇದೆ, ಒಪ್ಪುತ್ತೇನೆ. ಆದರೆ ಅದೂ ಮುಗಿಯುವ ಹಂತದಲ್ಲಿ "ಇನ್ನು ಸ್ವಲ್ಪವೇ ಇದೆ" ಅನ್ನುತ್ತೆ ಅಷ್ಟೇ. ಅಲ್ಲಿಂದ ಮುಂದೆ ಮತ್ತೆ ಎಣಿಕೆಯೇ.

"ಪೂರ್ತಿ ಖಾಲಿಯಾದರೆ ಹೆಡ್ ಹಾಳಾಗುತ್ತೆ, ಅದಕ್ಕೇ ಸ್ವಲ್ಪ ಉಳಿಸುತ್ತೇವೆ" ಅನ್ನೋದು ಪ್ರಿಂಟರ್ ಕಂಪನಿಗಳ ಸಿದ್ಧ ಉತ್ತರ. ಇದರಲ್ಲಿ ಅರ್ಧ ನಿಜ ಇದೆ. ಹೆಡ್ ಪ್ರಿಂಟರ್‌ನಲ್ಲೇ ಕಾಯಂ ಇರುವ ಯಂತ್ರದಲ್ಲಿ ಇಂಕ್ ಬದಲು ಗಾಳಿ ಒಳಹೊಕ್ಕರೆ ತೊಂದರೆ ಗ್ಯಾರಂಟಿ. ಇಂಕನ್ನು ಕಾಯಿಸಿ ಗುಳ್ಳೆ ಎಬ್ಬಿಸುವ ಬಗೆಯದಾದರೆ ಸಣ್ಣ ಹೀಟರ್‌ಗಳು ಒಣಗಿಯೇ ಸುಡುತ್ತವೆ. ಪೀಜೋ ಬಗೆಯದಾದರೆ, ಅಂದರೆ ಕರೆಂಟ್ ಕೊಟ್ಟಾಗ ಬಾಗುವ ಹರಳಿನಿಂದ ಇಂಕ್ ತಳ್ಳುವಂಥದಾದರೆ, ಗಾಳಿ ಹೊರಗೆ ತಳ್ಳಲು ಇನ್ನಷ್ಟು ಇಂಕ್ ಸುರಿಯಬೇಕು. ಸರಿ. ಆದರೆ ಅಗ್ಗದ ಮಾಡೆಲ್‌ಗಳಲ್ಲಿ ಒಂದು ಕಪ್ಪು, ಒಂದು ತ್ರಿವರ್ಣ ಅಂತ ಎರಡೇ ಕಾರ್ಟ್ರಿಜ್ ಬರುತ್ತಲ್ಲ, ಅದರಲ್ಲಿ ಹೆಡ್ ಕಾರ್ಟ್ರಿಜ್‌ಗೇ ಅಂಟಿಕೊಂಡಿರುತ್ತೆ, ಕಾರ್ಟ್ರಿಜ್ ಜೊತೆ ಅದೂ ಕಸಕ್ಕೆ ಹೋಗುತ್ತೆ. ಬಿಸಾಡುವ ಹೆಡ್ ಸುಟ್ಟರೆ ಯಾರಪ್ಪನ ಗಂಟು ಹೋಗುತ್ತೆ?

ಅಂಥ ಯಂತ್ರ ಇದ್ದವರು ಆ ಎಚ್ಚರಿಕೆಗೆ ಹೆದರಬೇಡಿ. ಎಚ್‌ಪಿಯ ಎರಡು ಕಾರ್ಟ್ರಿಜ್ ಮಾಡೆಲ್‌ಗಳಲ್ಲಿ ಇಂಕ್ ಕಡಿಮೆ ಅನ್ನೋ ಸೂಚನೆಗೆ ಸರಿ ಅಂತ ಒತ್ತಿ ಮುಂದುವರಿಯಬಹುದು. ಒಂದು ನಿಜಕ್ಕೂ ಬತ್ತಿದ್ದರೆ ಅದನ್ನು ಹೊರಗೆ ತೆಗೆದಿಟ್ಟು ಇನ್ನೊಂದರಲ್ಲೇ ಪ್ರಿಂಟ್ ಮಾಡಬಹುದು. ಕ್ಯಾನನ್‌ನ ಎಷ್ಟೋ ಪಿಕ್ಸ್‌ಮಾ ಮಾಡೆಲ್‌ಗಳಲ್ಲಿ ಸ್ಟಾಪ್ ಬಟನ್ 5 ಸೆಕೆಂಡಿಗೂ ಹೆಚ್ಚು ಹೊತ್ತು ಒತ್ತಿ ಹಿಡಿದರೆ ಆ ಕಾರ್ಟ್ರಿಜ್‌ನ ಇಂಕ್ ಲೆಕ್ಕವೇ ಬಂದ್. ಆಮೇಲೆ ಅಕ್ಷರ ಮಸುಕಾಗುವವರೆಗೆ ಪ್ರಿಂಟ್ ತೆಗೆಯಿರಿ. ಹೆಡ್ ಯಂತ್ರದಲ್ಲೇ ಇರುವ ಮಾಡೆಲ್‌ನಲ್ಲಿ ಮಾತ್ರ ಮಸುಕಾದ ಕೂಡಲೇ ನಿಲ್ಲಿಸಿ, ಇನ್ನೊಂದು ಹಾಳೆ ಅಂತ ಆಸೆ ಬೀಳಬೇಡಿ. ಈ ಬಟನ್ ವಿಷಯ ಕೈಪಿಡಿಯ ಯಾವುದೋ ಮೂಲೆಯ ಪುಟದಲ್ಲಿರುತ್ತೆ. "ಹೊಸದು ಕೊಳ್ಳಿ" ಅನ್ನೋದು ಮಾತ್ರ ಪರದೆಯ ನಡುಮಧ್ಯ.

ಬಣ್ಣದ ಕಥೆ ಇದಕ್ಕಿಂತ ಅನ್ಯಾಯ. ಬರೀ ಕಪ್ಪು ಅಕ್ಷರದ ಒಂದು ಅರ್ಜಿ ಪ್ರಿಂಟ್ ಆಗಬೇಕು, ಹಳದಿ ಮುಗಿದಿದೆ ಅಂತ ಯಂತ್ರ ಏಳೋದೇ ಇಲ್ಲ. ಕಾರಣ ಇದೆ: ಹೆಡ್ ತೊಳೆಯುವ ಪಂಪು ಸಾಮಾನ್ಯವಾಗಿ ಎಲ್ಲ ಬಣ್ಣಗಳನ್ನೂ ಒಂದೇ ಮುಚ್ಚಳದ ಮೂಲಕ ಒಟ್ಟಿಗೆ ಎಳೆಯುತ್ತೆ, ಒಂದು ಖಾಲಿ ಇದ್ದರೆ ಆ ದಾರಿಯಲ್ಲಿ ಗಾಳಿ ಬರುತ್ತೆ. ಆದರೆ ಹಾಗೆ ವಿನ್ಯಾಸ ಮಾಡಿದ್ದು ಯಾರು, ನಾವಾ? ಎಪ್ಸನ್‌ನ ಹಲವು ಮಾಡೆಲ್‌ಗಳಲ್ಲಿ ಬಣ್ಣ ಮುಗಿದ ಮೇಲೂ ಸಾದಾ ಹಾಳೆಗೆ ಕಪ್ಪಿನಲ್ಲಿ ಮಾತ್ರ ಪ್ರಿಂಟ್ ತೆಗೆಯಲು ಬಿಡುತ್ತಾರೆ. ಎಷ್ಟು ಕಾಲ? ಹೆಚ್ಚೆಂದರೆ 5 ದಿನ. ಭಿಕ್ಷೆಗೂ ಗಡುವು!

ಹಳದಿ ನಾವು ಬಳಸಿಯೇ ಇಲ್ಲವಲ್ಲ, ಹೇಗೆ ಮುಗಿಯಿತು ಅಂತ ಕೇಳುವವರಿಗೆ: ಡ್ರೈವರ್‌ನಲ್ಲಿ (ಕಂಪ್ಯೂಟರ್‌ನಲ್ಲಿರುವ ಪ್ರಿಂಟರ್ ಸಾಫ್ಟ್‌ವೇರ್) "ಗ್ರೇಸ್ಕೇಲ್" ಅಂತ ಆರಿಸಿದರೆ ಕಪ್ಪು ಇಂಕ್ ಮಾತ್ರ ಬಳಕೆಯಾಗುತ್ತೆ ಅನ್ನೋ ಖಾತ್ರಿ ಇಲ್ಲ. ಮೂರು ಬಣ್ಣ ಬೆರೆಸಿಯೂ ಬೂದು ಬಣ್ಣ ಮಾಡಬಹುದು, ಬಹಳಷ್ಟು ಯಂತ್ರಗಳು ಅದನ್ನೇ ಮಾಡುತ್ತವೆ. "ಕಪ್ಪು ಇಂಕ್ ಮಾತ್ರ" ಅನ್ನೋ ಆಯ್ಕೆ ಬೇರೆಯೇ ಇರುತ್ತೆ, ಸಾಮಾನ್ಯವಾಗಿ ಅಡ್ವಾನ್ಸ್ಡ್ ಸೆಟ್ಟಿಂಗ್ ಒಳಗೆ. ಅದನ್ನು ಆರಿಸಿ. ಕಾಗದದ ಬಗೆ "ಪ್ಲೇನ್" ಅಂತಲೇ ಇದೆಯಾ ನೋಡಿ; ಅದು ಫೋಟೋ ಪೇಪರ್ ಅಂತ ಉಳಿದುಬಿಟ್ಟಿದ್ದರೆ ಕಪ್ಪು ಅಕ್ಷರಕ್ಕೂ ಬಣ್ಣ ಸುರಿಯುತ್ತೆ. ಕರಡು ಪ್ರತಿಗೆ "ಡ್ರಾಫ್ಟ್" ಸಾಕು.

ಉಳಿದದ್ದನ್ನು ತೊಳೆಯೋದೇ ನುಂಗುತ್ತೆ. ಪ್ರತಿ ಕ್ಲೀನಿಂಗ್‌ನಲ್ಲೂ ಇಂಕ್ ಹೆಡ್ ಮೂಲಕ ಹೊರಗೆ ಬಂದು ಸೀದಾ ತ್ಯಾಜ್ಯಕ್ಕೆ ಹೋಗುತ್ತೆ. ಅಪರೂಪಕ್ಕೆ ಪ್ರಿಂಟ್ ತೆಗೆಯುವವರ ಇಂಕಿನಲ್ಲಿ ದೊಡ್ಡ ಪಾಲು ಕಾಗದದ ಮುಖವನ್ನೇ ನೋಡೋದಿಲ್ಲ. ಗೋಡೆಯ ಸ್ವಿಚ್‌ನಿಂದ ಯಂತ್ರ ಆರಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಯಂತ್ರದ ಸ್ವಂತ ಬಟನ್ ಒತ್ತಿದಾಗ ಹೆಡ್ ಮೂಲೆಗೆ ಹೋಗಿ ಮುಚ್ಚಳದ ಮೇಲೆ ಕೂರುತ್ತೆ. ಏಕಾಏಕಿ ಕರೆಂಟ್ ತೆಗೆದರೆ ಎಲ್ಲಿತ್ತೋ ಅಲ್ಲೇ ನಿಂತು ಒಣಗುತ್ತೆ, ಮತ್ತೆ ಆನ್ ಮಾಡಿದಾಗ ಜಾಸ್ತಿ ಇಂಕ್ ಹಾಕಿ ತೊಳೆದುಕೊಳ್ಳುತ್ತೆ. ಅಕ್ಷರ ಗೆರೆಗೆರೆಯಾಗಿ ಬಂದರೆ ಮೊದಲು ನಾಝಲ್ ಚೆಕ್ ಹಾಳೆ (ಹೆಡ್‌ನ ಸಣ್ಣ ತೂತುಗಳು ಕಟ್ಟಿವೆಯಾ ಅಂತ ತೋರಿಸುವ ಪರೀಕ್ಷಾ ಹಾಳೆ) ತೆಗೆಯಿರಿ. ಅದರಲ್ಲಿ ಗೆರೆ ಕಡಿದಿದ್ದರೆ ಮಾತ್ರ ಕ್ಲೀನಿಂಗ್. ಎರಡು ಸಲ ಮಾಡಿಯೂ ಸರಿಹೋಗದಿದ್ದರೆ ಆಫ್ ಮಾಡಿ ರಾತ್ರಿ ಪೂರ್ತಿ ಬಿಡಿ. ಬಹಳ ಸಲ ಅದು ಗಾಳಿಗುಳ್ಳೆ, ತಾನಾಗಿ ಮೇಲೇರಿ ಹೋಗುತ್ತೆ. ಸಿಟ್ಟಿನಲ್ಲಿ ಐದಾರು ಸಲ ಒತ್ತಿದರೆ ಹೊಸ ಕಾರ್ಟ್ರಿಜ್‌ನ ಒಳ್ಳೆಯ ಭಾಗವೇ ಚರಂಡಿ ಪಾಲು. ವಾರಕ್ಕೊಮ್ಮೆ ಎಲ್ಲ ಬಣ್ಣ ಇರುವ ಪುಟ್ಟ ಹಾಳೆ ಒಂದನ್ನು ಪ್ರಿಂಟ್ ಮಾಡೋದು ಇದಕ್ಕಿಂತ ಎಷ್ಟೋ ಅಗ್ಗ.

ಈಗ ಡಬ್ಬದ ಮೇಲೆ "ಇಷ್ಟು ಪುಟ ಬರುತ್ತೆ" ಅಂತ ಬರೆದಿರುತ್ತಾರಲ್ಲ, ಆ ಸಂಖ್ಯೆ ಐಎಸ್‌ಒ 24711 ಅನ್ನೋ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರದ್ದು. ಪರೀಕ್ಷೆಗೆ ಗೊತ್ತಾದ 5 ಪುಟಗಳಿವೆ, ಅವನ್ನೇ ಸುತ್ತಿ ಸುತ್ತಿ ಬಹುತೇಕ ನಿಲ್ಲಿಸದೆ ಕಾರ್ಟ್ರಿಜ್ ಮುಗಿಯುವವರೆಗೆ ಪ್ರಿಂಟ್ ಮಾಡುತ್ತಾರೆ. ಅಳತೆ ಸುಳ್ಳಲ್ಲ. ಆದರೆ ಮನೆಯಲ್ಲಿ ಹಾಗೆ ಯಾರು ಪ್ರಿಂಟ್ ತೆಗೀತಾರೆ? ವಾರಕ್ಕೆ ಎರಡು ಹಾಳೆ ತೆಗೆಯುವವನಿಗೆ ಮಧ್ಯೆ ಮಧ್ಯೆ ತೊಳೆಯುವ ಖರ್ಚು ಸೇರಿದರೆ ಆ ಸಂಖ್ಯೆ ಯಾವತ್ತೂ ಕೈಗೆಟುಕಲ್ಲ. ಇನ್ನು ಯಂತ್ರದ ಜೊತೆ ಬರುವ ಮೊದಲ ಕಾರ್ಟ್ರಿಜ್‌ನಲ್ಲಿ ಎಷ್ಟೋ ಸಲ ಅಂಗಡಿಯದಕ್ಕಿಂತ ಕಡಿಮೆ ಇಂಕ್ ಇರುತ್ತೆ. ಎರಡನೇ ಸೆಟ್ ಕೊಳ್ಳುವಾಗಲೇ ಗೊತ್ತಾಗೋದು, ಇಲ್ಲಿ ಮೂಗಿಗಿಂತ ಮೂಗುತಿ ಭಾರ ಅಂತ.

ಇಷ್ಟೆಲ್ಲ ಸಹಿಸಿಕೊಂಡವನಿಗೂ ಒಂದು ದಿನ ಕೊನೆಯ ಏಟು ಬೀಳುತ್ತೆ: "ಇಂಕ್ ಪ್ಯಾಡ್‌ನ ಆಯುಷ್ಯ ಮುಗಿದಿದೆ." ತೊಳೆದ ಇಂಕ್ ಹೀರಲು ಯಂತ್ರದ ತಳದಲ್ಲಿ ಫೆಲ್ಟ್‌ನಂಥ ಒಂದು ದಪ್ಪ ಪ್ಯಾಡ್ ಇರುತ್ತೆ. ಅದು ನಿಜಕ್ಕೂ ತುಂಬಿ ಸೋರಿದರೆ ಮೇಜು ಹಾಳು, ಆದ್ದರಿಂದ ಎಚ್ಚರಿಕೆ ಬೇಕು, ಜಗಳ ಇಲ್ಲ. ಆದರೆ ಬಹುತೇಕ ಮಾಡೆಲ್‌ಗಳಲ್ಲಿ ಪ್ಯಾಡ್ ಒದ್ದೆಯಾ ಒಣಗಿದೆಯಾ ಅಂತ ನೋಡುವ ಸೆನ್ಸರ್ ಇಲ್ಲ. ಅದಕ್ಕೂ ಕೌಂಟರ್! ಗೊತ್ತಾದ ಸಂಖ್ಯೆ ಮುಟ್ಟಿದರೆ ಯಂತ್ರ ಸತ್ತಂತೆ. ಹೆಡ್ ಚೆನ್ನಾಗಿದೆ, ಮೋಟಾರ್ ಚೆನ್ನಾಗಿದೆ, ರೋಲರ್ ಚೆನ್ನಾಗಿದೆ, ಒಂದು ಫೆಲ್ಟ್ ತುಂಡಿಗಾಗಿ ಇಡೀ ಯಂತ್ರ ಗುಜರಿಗೆ. ಪ್ಯಾಡ್ ತೆಗೆದು ತೊಳೆದು ಒಣಗಿಸಿ ಹಾಕಬಹುದು, ಹೊಸದೂ ಸಿಗುತ್ತೆ. ಆದರೆ ಸಾಫ್ಟ್‌ವೇರ್‌ನಲ್ಲಿ ಕೌಂಟರ್ ಸೊನ್ನೆಗೆ ಇಳಿಸದೆ ಯಂತ್ರ ಅಲ್ಲಾಡಲ್ಲ. ಪ್ಯಾಡ್ ಬದಲಿಸದೆ ಬರೀ ಕೌಂಟರ್ ಇಳಿಸುವ ಬುದ್ಧಿವಂತಿಕೆ ಮಾತ್ರ ಬೇಡ, ಆಗ ನಿಜಕ್ಕೂ ಸೋರುತ್ತೆ. ಈಚಿನ ಕೆಲವು ಮಾಡೆಲ್‌ಗಳಲ್ಲಿ "ಮೇಂಟೆನೆನ್ಸ್ ಬಾಕ್ಸ್" ಅಂತ ನಾವೇ ಬದಲಿಸುವ ಪೆಟ್ಟಿಗೆ ಕೊಟ್ಟಿದ್ದಾರೆ. ಅದರಲ್ಲೂ ಒಂದು ಚಿಪ್. ತ್ಯಾಜ್ಯ ತುಂಬುವ ಡಬ್ಬಿಗೂ ಚಿಪ್ ಹಾಕುವ ಬುದ್ಧಿಗೆ ಏನನ್ನಬೇಕು?

ಕಾರ್ಟ್ರಿಜ್ ತನ್ನ ಕಂಪನಿಯದೋ ಅಲ್ಲವೋ ಅಂತ ಯಂತ್ರ ಗುರುತಿಸೋದೂ ಚಿಪ್‌ನಿಂದಲೇ, ಅದರ ಜಗಳ ಹಳೆಯದು. ತನ್ನ ಲೇಸರ್ ಪ್ರಿಂಟರ್‌ಗಳ ಟೋನರ್ (ಪುಡಿ ಇಂಕ್) ಕಾರ್ಟ್ರಿಜ್‌ಗೆ ಬೇರೆಯವರು ಚಿಪ್ ಮಾಡಿದರು ಅಂತ ಲೆಕ್ಸ್‌ಮಾರ್ಕ್ ಅನ್ನೋ ಪ್ರಿಂಟರ್ ಕಂಪನಿ 2002ರಲ್ಲಿ ಅಮೆರಿಕದಲ್ಲಿ ಕಾಪಿರೈಟ್ ಕಾಯ್ದೆ ಹಿಡಿದು ಕೋರ್ಟಿಗೆ ಹೋಯಿತು. 2004ರಲ್ಲಿ ಮೇಲ್ಮನವಿ ಕೋರ್ಟು ಆ ವಾದ ಒಪ್ಪಲಿಲ್ಲ. ಅದೇ ಕಂಪನಿ ಪೇಟೆಂಟ್ ಹಿಡಿದು ಹೋದ ಇನ್ನೊಂದು ಮೊಕದ್ದಮೆಯಲ್ಲಿ 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿತು: ಮಾರಿದ ಮೇಲೆ ಆ ವಸ್ತುವಿನ ಮೇಲೆ ನಿಮ್ಮ ಪೇಟೆಂಟ್ ಹಕ್ಕು ಮುಗಿಯಿತು. ಕಾನೂನಿನ ಬಾಗಿಲು ಹೀಗೆ ಮುಚ್ಚುತ್ತಿದ್ದರೂ ಫರ್ಮ್‌ವೇರ್ (ಯಂತ್ರದೊಳಗಿನ ಸಾಫ್ಟ್‌ವೇರ್) ಅನ್ನೋ ಕಿಟಕಿ ತೆರೆದೇ ಇತ್ತು. 2016ರ ಸೆಪ್ಟೆಂಬರ್ 13ರಂದು ಎಚ್‌ಪಿಯ ಎಷ್ಟೋ ಆಫೀಸ್‌ಜೆಟ್‌ಗಳು ಹಿಂದಿನ ದಿನದವರೆಗೆ ಒಪ್ಪಿಕೊಂಡಿದ್ದ ಬೇರೆ ಕಂಪನಿಯ ಕಾರ್ಟ್ರಿಜ್‌ಗಳನ್ನು ಒಮ್ಮೆಗೇ ತಿರಸ್ಕರಿಸಿದವು. ಗಲಾಟೆಯಾಯಿತು, ಕ್ಷಮೆ ಕೇಳಿದರು, ಅದನ್ನು ತೆಗೆಯುವ ಫರ್ಮ್‌ವೇರ್ ಕೊಟ್ಟರು. ಆದರೆ "ಡೈನಾಮಿಕ್ ಸೆಕ್ಯುರಿಟಿ" ಅನ್ನೋ ಹೆಸರಿನಲ್ಲಿ ಪದ್ಧತಿ ಮುಂದುವರಿಯಿತು. ಗ್ರಾಹಕರಿಗೆ ಇಂಥವನ್ನು ಸರಿಯಾಗಿ ತಿಳಿಸಿಲ್ಲ ಅಂತ ಇಟಲಿಯ ಸ್ಪರ್ಧಾ ಪ್ರಾಧಿಕಾರ 2020ರಲ್ಲಿ ಎಚ್‌ಪಿಗೆ 1 ಕೋಟಿ ಯೂರೋ ದಂಡ ಹಾಕಿತು. 2024ರಲ್ಲಿ ಕಂಪನಿಯ ಮುಖ್ಯಸ್ಥರು ಕಾರ್ಟ್ರಿಜ್ ಮೂಲಕ ವೈರಸ್ ಬರಬಹುದು ಅಂದರು. ಬರುತ್ತೆ ಅಂತಲೇ ಇಟ್ಟುಕೊಳ್ಳೋಣ. ಇಂಕ್ ಡಬ್ಬಿಗೆ ಚಿಪ್ ಹಾಕಿ, ಆ ಚಿಪ್ ಹೇಳಿದ್ದನ್ನೆಲ್ಲ ನಂಬುವ ಯಂತ್ರ ಕಟ್ಟಿದ್ದು ಯಾರಪ್ಪಾ?

ಇಂಕ್ ಹೊರಗಿನದು ಹಾಕುವವರು ಎರಡು ಕೆಲಸ ಮೊದಲೇ ಮಾಡಿ: ಮೆನುವಿನಲ್ಲಿ ಆಟೋಮ್ಯಾಟಿಕ್ ಅಪ್‌ಡೇಟ್ ಆಫ್ ಮಾಡಿ, ಸಾಧ್ಯವಾದರೆ ವೈ-ಫೈ ಕೊಡದೆ ಯುಎಸ್‌ಬಿ ಕೇಬಲ್‌ನಲ್ಲೇ ಬಳಸಿ. ಸುರಕ್ಷತೆಯ ಅಪ್‌ಡೇಟ್ ಕೂಡ ಇದರ ಜೊತೆಗೇ ತಪ್ಪಿಹೋಗುತ್ತೆ ಅನ್ನೋದು ನಿಜ. ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಕಳಿಸಿದರೆ ಜನ ಪೊಟ್ಟಣವನ್ನೇ ಬೇಡ ಅನ್ನುತ್ತಾರೆ.

ಈ ಚಿಪ್ ಎಷ್ಟು ಅನಿವಾರ್ಯ ಅಂತ ತೋರಿಸಿಕೊಟ್ಟಿದ್ದು ಕ್ಯಾನನ್. 2022ರ ಆರಂಭದಲ್ಲಿ ಜಗತ್ತಿನಾದ್ಯಂತ ಚಿಪ್ ಕೊರತೆ. ತನ್ನದೇ ಅಸಲಿ ಟೋನರ್‌ಗೆ ಹಾಕಲು ಚಿಪ್ ಸಿಗದೆ, ಚಿಪ್ ಇಲ್ಲದೆಯೇ ಮಾರಿತು. ಆಫೀಸಿನ ದೊಡ್ಡ ಯಂತ್ರಗಳು ತಮ್ಮ ಕಂಪನಿಯ ಟೋನರನ್ನೇ ನಕಲಿ ಅಂತ ಬೊಬ್ಬೆ ಹೊಡೆದವು! ಆಗ ಕಂಪನಿಯೇ ಗ್ರಾಹಕರಿಗೆ ಸೂಚನೆ ಕೊಟ್ಟಿತು: ಆ ಎಚ್ಚರಿಕೆ ಬಂದರೆ ಹೀಗೆ ಒತ್ತಿ ಮುಂದುವರಿಯಿರಿ, ಮುದ್ರಣದ ಗುಣಮಟ್ಟಕ್ಕೆ ಏನೂ ತೊಂದರೆ ಇಲ್ಲ.

ತಿಂಗಳಿಗಿಷ್ಟು ಅಂತ ಕಟ್ಟಿ ಕಂಪನಿಯಿಂದಲೇ ಇಂಕ್ ತರಿಸಿಕೊಳ್ಳುವ ಚಂದಾ ಯೋಜನೆಗಳಲ್ಲಿ ಲೆಕ್ಕ ಇನ್ನೂ ಸೊಗಸು. ಅಲ್ಲಿ ಎಣಿಸೋದು ಇಂಕನ್ನಲ್ಲ, ಪುಟವನ್ನು. ಒಂದು ಸಾಲಿನ ಹಾಳೆಯೂ ಒಂದು ಪುಟ, ಹಾಳೆ ತುಂಬ ಫೋಟೋನೂ ಒಂದು ಪುಟ. ಫೋಟೋ ತೆಗೆಯುವವರಿಗೆ ಲಾಭವೇ ಇರಬಹುದು. ಆದರೆ ಚಂದಾ ನಿಲ್ಲಿಸಿದಿರೋ, ಅರ್ಧ ತುಂಬಿದ ಕಾರ್ಟ್ರಿಜ್ ಯಂತ್ರದೊಳಗೆ ಕೂತಿದ್ದರೂ ಅದು ಕೆಲಸ ಮಾಡಲ್ಲ. ಇಂಟರ್‌ನೆಟ್ ಬಹಳ ದಿನ ಇಲ್ಲದಿದ್ದರೂ ಅದೇ ಗತಿ. ಕೆಲವು ಆಲ್-ಇನ್-ಒನ್ ಯಂತ್ರಗಳು ಇಂಕ್ ಇಲ್ಲ ಅಂತ ಸ್ಕ್ಯಾನ್ ಮಾಡಲೂ ಒಪ್ಪೋದಿಲ್ಲ. ಸ್ಕ್ಯಾನ್‌ಗೂ ಇಂಕ್‌ಗೂ ಏನು ಸಂಬಂಧ ಸ್ವಾಮಿ?

ಇಂಕ್ ಟ್ಯಾಂಕ್ ಯಂತ್ರಗಳು ಬಂದ ಹಿನ್ನೆಲೆ ನೋಡಿದರೆ ಇನ್ನಷ್ಟು ಉರಿಯುತ್ತೆ. ಜನ ಬೇಸತ್ತು ಕಾರ್ಟ್ರಿಜ್‌ಗೆ ಪೈಪ್ ಚುಚ್ಚಿ ಹೊರಗೆ ಬಾಟಲಿ ಕಟ್ಟಿಕೊಳ್ಳಲು ಶುರುಮಾಡಿದ್ದರು. ಅದನ್ನು ನೋಡಿ ಎಪ್ಸನ್ 2010ರಲ್ಲಿ ಇಂಡೊನೇಷ್ಯಾದಲ್ಲಿ ಟ್ಯಾಂಕ್ ಪ್ರಿಂಟರ್ ತಂದಿತು. ಒಂದು ಬಾಟಲಿಯಲ್ಲಿ 70 ಮಿ.ಲೀ. ಆಸುಪಾಸು ಇಂಕ್, ಸಣ್ಣ ಕಾರ್ಟ್ರಿಜ್‌ನಲ್ಲಿ 10 ಮಿ.ಲೀ. ಕೂಡ ಇರಲ್ಲ. ಇಂಕ್ ದುಬಾರಿ ವಸ್ತು ಅಂತ ಇಷ್ಟು ವರ್ಷ ಹೇಳಿದ್ದು ಏನಾಯಿತು? ಬಣ್ಣ ಆಗಾಗ ಬೇಕು ಅನ್ನುವವರು ಟ್ಯಾಂಕೇ ತೊಗೊಳ್ಳಿ, ಆದರೆ ಪ್ಯಾಡ್ ಬದಲಿಸುವ ದಾರಿ ಇದೆಯಾ ಅಂತ ಮೊದಲು ವಿಚಾರಿಸಿ. ಬರೀ ಅಕ್ಷರ ಸಾಕು, ಅದೂ ತಿಂಗಳಿಗೊಮ್ಮೆ ಅನ್ನುವವರಿಗೆ ಕಪ್ಪು-ಬಿಳುಪು ಲೇಸರ್. ಟೋನರ್ ಪ್ಲಾಸ್ಟಿಕ್ ಪುಡಿ, ಒಣಗುವ ಮಾತೇ ಇಲ್ಲ. ಅಲ್ಲೂ ಕೌಂಟರ್ ಕಾಟ ತಪ್ಪಿದ್ದಲ್ಲ, ಆದರೆ ಬ್ರದರ್‌ನಂಥವುಗಳ ಹಲವು ಮಾಡೆಲ್‌ಗಳಲ್ಲಿ "ಕಂಟಿನ್ಯೂ" ಮೋಡ್ ಇದೆ, ಟೋನರ್ ಮುಗಿಯಿತು ಅಂದ ಮೇಲೂ ಪ್ರಿಂಟ್ ಮಾಡಲು ಬಿಡುತ್ತೆ. ಕಾರ್ಟ್ರಿಜ್ ತೆಗೆದು ಅಡ್ಡಡ್ಡ ಐದಾರು ಸಲ ಮೆಲ್ಲಗೆ ಅಲ್ಲಾಡಿಸಿ ಹಾಕಿದರೆ ಇನ್ನೂ ಒಂದಷ್ಟು ಹಾಳೆ ಬರುತ್ತೆ.

ಹೊಸ ಪ್ರಿಂಟರ್ ಬಂದಾಗಲೆಲ್ಲ ಟೆಕ್ ಸುದ್ದಿ ಬರೆಯುವವರು ನಿಮಿಷಕ್ಕೆ ಎಷ್ಟು ಪುಟ, ಎಷ್ಟು ಡಿಪಿಐ, ಆ್ಯಪ್ ಹೇಗಿದೆ ಅಂತ ಪುಟಗಟ್ಟಲೆ ಬರೆಯುತ್ತಾರೆ. ಜೊತೆಗೆ ಬರುವ ಕಾರ್ಟ್ರಿಜ್‌ನಲ್ಲಿ ಎಷ್ಟು ಮಿ.ಲೀ. ಇದೆ, ಹಳದಿ ಮುಗಿದರೆ ಕಪ್ಪು ಪ್ರಿಂಟ್ ಆಗುತ್ತಾ, ಇಂಕ್ ಇಲ್ಲದೆ ಸ್ಕ್ಯಾನ್ ಆಗುತ್ತಾ, ಪ್ಯಾಡ್ ನಾವೇ ಬದಲಿಸಬಹುದಾ ಅಂತ ಒಬ್ಬರೂ ಕೇಳಿ ಬರೆಯಲ್ಲ. ಕಂಪನಿಯವರಿಗಂತೂ ಡಬ್ಬದ ಮೇಲೆ ವೈ-ಫೈ ಇದೆ ಅಂತ ಅಂಗೈಯಗಲ ಬರೆಯಲು ಜಾಗ ಸಿಗುತ್ತೆ. ಬೇರೆಯವರ ಚಿಪ್ ಹಾಕಿದರೆ ಈ ಯಂತ್ರ ಮುಂದೊಂದು ದಿನ ಕೆಲಸ ನಿಲ್ಲಿಸಬಹುದು ಅನ್ನೋ ಸಾಲಿಗೆ ಮಾತ್ರ ಭೂತಗನ್ನಡಿ ಹಿಡಿಯಬೇಕು.