ಮೆಷಿನ್‌ಗೆ ಮುಸುಕು ಹಾಕಬೇಡಿ

ಆಪರೇಷನ್ ದಿನ ಗೊತ್ತಾದ ತಕ್ಷಣ ಎಲ್ಲರದೂ ಒಂದೇ ಮಾತು. "ಹೊಲಿಗೆ ಎಲ್ಲಿಗೂ ಓಡಿಹೋಗಲ್ಲ ಅಕ್ಕಾ, ಮೊದಲು ಹುಷಾರಾಗು." ತಂಗಿಯಂತೂ ಮೆಷಿನ್ ಮೇಲೆ ಹಳೆ ಬೆಡ್‌ಶೀಟ್ ಹೊದಿಸಿಯೇ ಬಿಟ್ಟಳು. ಅವಳು ಹೋದ ಮೇಲೆ ತೆಗೆದೆ.

ಹೊಲಿಯುವವರಿಗೆ "ಎಲ್ಲ ಬಿಟ್ಟು ಮಲಗು" ಅನ್ನುವುದು ಕೆಟ್ಟ ಸಲಹೆ. ಆದರೆ ನಾನು ಹಾಕಿಕೊಂಡಿದ್ದ ಲೆಕ್ಕ ಅದಕ್ಕಿಂತ ಕೆಟ್ಟದಿತ್ತು. ಆರು ವಾರ ರಜೆ, ನಾಲ್ಕು ಶರ್ಟು, ಒಂದು ಪ್ಯಾಂಟು, ಅರ್ಧಕ್ಕೆ ನಿಂತ ಕೌದಿ, ಎಲ್ಲ ಮುಗಿಸಿಬಿಡೋಣ ಅಂತ! ಗರ್ಭಕೋಶ ತೆಗೆಯುವ ಆಪರೇಷನ್ ಅದು, ಹೊಟ್ಟೆ ಕೊಯ್ದು ಮಾಡುವಂಥದ್ದು. ನಾನೋ ಬಟ್ಟೆ ಕತ್ತರಿಸಿ ಗುಡ್ಡೆ ಹಾಕುತ್ತಾ ಕೂತಿದ್ದೆ.

ಮುಂಚೆ ಹೊಲಿದದ್ದರಲ್ಲಿ ನಿಜಕ್ಕೂ ಕೆಲಸಕ್ಕೆ ಬಂದದ್ದು ಒಂದು ಪುಟ್ಟ ದಿಂಬು. ಒಂದಡಿ ಉದ್ದ, ಮುಕ್ಕಾಲು ಅಡಿ ಅಗಲ. ಮಿಕ್ಕ ಕಾಟನ್ ತುಂಡಿನದು, ಒಗೆಯಲು ಕವರ್ ಬೇರೆ. ಹೊಟ್ಟೆಗೆ ಹೊಲಿಗೆ ಬಿದ್ದ ಮೇಲೆ ಕೆಮ್ಮು, ಸೀನು, ನಗು ಯಾವುದೂ ಸಲೀಸಲ್ಲ. ದಿಂಬನ್ನು ಗಾಯದ ಮೇಲೆ ಒತ್ತಿ ಹಿಡಿದು ಕೆಮ್ಮಿದರೆ ಎಳೆತ ಕಡಿಮೆ. ಆ ಕವರ್‌ಗೆ ಜಿಪ್ ಇಡಲು ಹೊರಟಿದ್ದೆ, ಸದ್ಯ ಇಡಲಿಲ್ಲ.

ಇನ್ನೊಂದು ಲಾಡಿ. ಪೈಜಾಮದ ಎಲಾಸ್ಟಿಕ್ ಸರಿಯಾಗಿ ಗಾಯದ ಹತ್ತಿರವೇ ಕೂರುತ್ತದೆ. ಎರಡು ಪೈಜಾಮದ ಎಲಾಸ್ಟಿಕ್ ಕಿತ್ತು ಲಾಡಿ ಹಾಕಿಕೊಂಡಿದ್ದೆ. ಊದಿದ ಹೊಟ್ಟೆಗೆ ಬೆಳಿಗ್ಗೆ ಒಂದು ಅಳತೆ, ಸಂಜೆಗೆ ಇನ್ನೊಂದು.

ಡಾಕ್ಟರ್ ರೌಂಡ್ಸ್‌ಗೆ ಬಂದಾಗ "ಯಾವ ಹೊಲಿಗೆ ಹಾಕಿದಿರಿ ಮೇಡಂ?" ಎಂದು ಕೇಳಿದೆ. ನಕ್ಕರು. ಚರ್ಮದ ಒಳಗೇ ಓಡುವ ಹೊಲಿಗೆ, ಕರಗುವ ದಾರ ಎಂದರು. ನಮ್ಮ ಹೊರಗೆ ಕಾಣದ ಹೆಮ್ಮಿಂಗ್ ಇದ್ದ ಹಾಗೆ! ಅವರ ದಾರದ ನಂಬರಿನಲ್ಲಿ 2-0ಗಿಂತ 3-0 ಸಣ್ಣ, 4-0 ಇನ್ನೂ ಸಣ್ಣ. ನಮ್ಮ ಕೈಸೂಜಿಯೂ ಹಾಗೇ ಅಲ್ವಾ, ನಂಬರ್ ಏರಿದಷ್ಟೂ ಸಣ್ಣ. ರಕ್ತನಾಳ ಜೋಡಿಸಿ ಹೊಲಿಯುವ ವಿಧಾನಕ್ಕಾಗಿ 1912ರಲ್ಲಿ ನೊಬೆಲ್ ಪಡೆದ ಅಲೆಕ್ಸಿಸ್ ಕ್ಯಾರೆಲ್, ಫ್ರಾನ್ಸ್‌ನ ಲಿಯಾನ್‌ನಲ್ಲಿ ಕಸೂತಿ ಹಾಕುವ ಹೆಂಗಸೊಬ್ಬರ ಹತ್ತಿರ ಸೂಜಿ ಕೆಲಸ ಕಲಿತಿದ್ದರು. ಹೊಲಿಗೆಯನ್ನು "ಸುಮ್ನೆ ಟೈಮ್‌ಪಾಸ್" ಅನ್ನುವವರಿಗೆ ಹೇಳಲು ಇಟ್ಟುಕೊಂಡಿದ್ದೇನೆ.

ಮನೆಗೆ ಬಂದ ಮೇಲೆ ಎರಡು ವಾರ ಮೆಷಿನ್ ಮುಟ್ಟಲಿಲ್ಲ. ನೋವಿಗಿಂತ ಜಾಸ್ತಿ ಮಂಪರು. ಒಂಬತ್ತನೇ ದಿನ ಹಠ ಮಾಡಿ ಶರ್ಟಿನ ತೋಳಿಗೆ ಒಂದು ಗುಂಡಿ ಹಚ್ಚಲು ಕೂತೆ. ನಾಲ್ಕು ತೂತಿನ ಗುಂಡಿ. ಮೂರರಲ್ಲಿ ದಾರ ಓಡಿಸಿ, ಗಂಟು ಹಾಕಿ, ಕತ್ತರಿಸಿ, ಖುಷಿಯಾಗಿ ಮಡಿಚಿಟ್ಟೆ. ನಾಲ್ಕನೇ ತೂತು ಖಾಲಿ ಇದ್ದದ್ದು ಕಂಡದ್ದು ಮರುದಿನ. ಅಷ್ಟೇ ಅಲ್ಲ, ತೋಳಿನ ಎರಡೂ ಬದಿ ಸೇರಿಸಿ ಹೊಲಿದಿದ್ದೆ. ಕೈಯೇ ತೂರುವಂತಿರಲಿಲ್ಲ. ನಿದ್ದೆ ಬರಿಸುವ ನೋವಿನ ಮಾತ್ರೆ ನುಂಗಿ ದುಬಾರಿ ಬಟ್ಟೆಗೆ ಕತ್ತರಿ ಹಾಕಬೇಡಿ, ದಯವಿಟ್ಟು. ಗುಂಡುಪಿನ್ನು ಎಣಿಸಿ ತೆಗೆಯಿರಿ, ಎಣಿಸಿ ಇಡಿ. ಗಾಯದ ಪಕ್ಕ ನೈಟಿಯಲ್ಲಿ ಒಂದು ಪಿನ್ನು ಉಳಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಮೂರನೇ ವಾರ ಡಾಕ್ಟರನ್ನು ಕೇಳಿಯೇ ಮೆಷಿನ್ ಮುಂದೆ ಕೂತೆ. 7 ಕೆಜಿ ಮೆಷಿನ್, ಎತ್ತುವ ಮಾತೇ ಇಲ್ಲ. ಅದಕ್ಕೇ ಮೊದಲೇ ಕಿಟಕಿ ಪಕ್ಕದ ಮೇಜಿಗೆ ಇಡಿಸಿದ್ದೆ. ಪೆಡಲ್ ಒತ್ತುವುದು ಕಷ್ಟವಾಗಲಿಲ್ಲ, ಮುಂದಕ್ಕೆ ಬಾಗುವುದು ಕಷ್ಟ. ಹದಿನೈದು ನಿಮಿಷಕ್ಕೆ ಬೆನ್ನು ಬೇಡ ಅನ್ನುತ್ತಿತ್ತು. ಹಾಗಂತ ಅಷ್ಟಕ್ಕೇ ಏಳುವ ಜಾತಿಯವಳಲ್ಲ ನಾನು. ಒಂದೇ ಕಡೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ, ಆಗಾಗ ಓಡಾಡಿ ಎಂದಿದ್ದರು. ಇಸ್ತ್ರಿಪೆಟ್ಟಿಗೆಯನ್ನು ಪಕ್ಕದ ಕೋಣೆಯಲ್ಲಿ ಇಡಿಸಿದೆ. ಒಂದು ಹೊಲಿಗೆ ಹಾಕು, ಎದ್ದು ಹೋಗಿ ಇಸ್ತ್ರಿ ಮಾಡು, ಬಾ. ದಿನಕ್ಕೆ ಎರಡೇ ಹೊಲಿಗೆ ಆದರೂ ನಾಲ್ಕು ಸಲ ನಡೆದದ್ದಾಯಿತು. "ವಾಕ್ ಮಾಡು" ಎಂದರೆ ಏಳದ ನಾನು ಇಸ್ತ್ರಿಗಾದರೆ ಎದ್ದು ಹೋಗುತ್ತಿದ್ದೆ. ತಂಗಿ ನೋಡಿ ಸುಮ್ಮನಾದಳು.

ಈಗ ಏಳನೇ ವಾರ. ಶರ್ಟು ಒಂದಾಗಿದೆ, ಮೂರು ಹಾಗೇ ಇವೆ. ಕೌದಿಯ ಹೆಸರು ಎತ್ತಬೇಡಿ. ನಿನ್ನೆ ಪ್ಯಾಂಟಿನ ತುಂಡುಗಳನ್ನು ತೆಗೆದು ಸೊಂಟಕ್ಕೆ ಹಿಡಿದು ನೋಡಿದೆ. ಆಪರೇಷನ್‌ಗೆ ಮುಂಚಿನ ಅಳತೆಗೆ ಕತ್ತರಿಸಿದ್ದು, ಎರಡೂ ಕಡೆ ಒಂದೊಂದು ಇಂಚು ಸಾಲುತ್ತಿಲ್ಲ. ಪಕ್ಕಕ್ಕೆ ಪಟ್ಟಿ ಕೊಟ್ಟು ಅಗಲ ಮಾಡಲೋ, ಊತ ಇಳಿಯಲಿ ಅಂತ ಕಾಯಲೋ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?