ಸುವಾರ್ತಿಕನ ಬಗ್ಗೆ ಅಕ್ಕಪಕ್ಕದವರನ್ನು ಕೇಳಿ

ಬೀದರ್‌ನಿಂದ ಹುಮನಾಬಾದ್ ಕಡೆಗೆ ಹೊರಟರೆ ಈಗ ರಸ್ತೆಬದಿಯ ತುಂಬ ಸುವಾರ್ತಾ ಕೂಟಗಳ ಫ್ಲೆಕ್ಸ್‌ಗಳು. ಕೋಟು ತೊಟ್ಟ ಬೋಧಕರು, ಕೈಯಲ್ಲಿ ಮೈಕು, ಹೆಸರಿನ ಹಿಂದೆ ಪ್ರವಾದಿ, ಅಪೊಸ್ತಲ, ಡಾಕ್ಟರ್. ಯೇಸುಸ್ವಾಮಿಯ ಹೆಸರೂ ಹುಡುಕಿದರೆ ಸಿಗುತ್ತದೆ, ಕೆಳಗೆ ಮೂಲೆಯಲ್ಲಿ, ಶಾಮಿಯಾನದವನ ಫೋನ್ ನಂಬರಿನ ಪಕ್ಕದಲ್ಲಿ. ನಾನು ಮೆಥೋಡಿಸ್ಟ್ ಮನೆಯಲ್ಲಿ ಹುಟ್ಟಿ ಬೆಳೆದವನು. ಇದನ್ನು ಓದಿ ನಾನು ವಿಶ್ವಾಸ ಬಿಟ್ಟೆನೆಂದು ಯಾರೂ ಗಾಬರಿಯಾಗಿ ಫೋನ್ ಮಾಡಬೇಡಿ. ವಿಶ್ವಾಸ ಇರುವುದರಿಂದಲೇ ಸಿಟ್ಟು ಬರುತ್ತಿದೆ.

ನಮ್ಮ ಭಾಗದಲ್ಲಿ ಸಭೆಯನ್ನು, ಅಂದರೆ ಚರ್ಚನ್ನು, ಇಷ್ಟು ದಿನ ಹೊತ್ತು ನಡೆಸಿದವರು ಫ್ಲೆಕ್ಸ್‌ನಲ್ಲಿ ಎಂದೂ ಕಾಣಿಸಿಕೊಂಡವರಲ್ಲ. ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳನ್ನು ನೋಡಿ. ಒಬ್ಬ ಸಭಾಪಾಲಕರ ಕೈಯಲ್ಲಿ ಹಲವು ಊರುಗಳು. ದೀಕ್ಷಾಸ್ನಾನ, ಕರ್ತನ ಭೋಜನ ಎಂದರೆ ಅವರೇ ಬರಬೇಕು, ಆ ಎರಡನ್ನು ಬೇರೆಯವರು ಮಾಡುವಂತಿಲ್ಲ. ಉಳಿದೆಲ್ಲವೂ ಊರಿನಲ್ಲೇ ಇರುವ ಒಬ್ಬ ಸಾಮಾನ್ಯ ವಿಶ್ವಾಸಿಯ ಹೆಗಲಿಗೆ. ನಾನು ಸುವಾರ್ತಿಕ ಎನ್ನುವುದು ಇವನನ್ನೇ. ಭಾನುವಾರ ವಾಕ್ಯ ಓದಿ ನಾಲ್ಕು ಮಾತು ಹೇಳುವುದು, ಮನೆ ಮನೆಯ ಪ್ರಾರ್ಥನಾ ಕೂಟ, ಮಕ್ಕಳ ಸಂಡೇ ಸ್ಕೂಲ್, ಗುಳೆ ಹೋದವರ ಮನೆಯಲ್ಲಿ ಉಳಿದ ಮುದುಕರ ಯೋಗಕ್ಷೇಮ, ರಾತ್ರೋರಾತ್ರಿ ಸಾವಾದರೆ ಗುಂಡಿ ತೋಡಿಸುವುದರಿಂದ ಹಿಡಿದು ಮಣ್ಣು ಕೊಡುವವರೆಗೆ. ನವೆಂಬರ್‌ನಲ್ಲಿ ತೆಲಂಗಾಣದ ಧಾರೂರಿನ ಕ್ರೈಸ್ತ ಜಾತ್ರೆಗೆ ಹೋಗಲು ವಾಹನ ಗೊತ್ತು ಮಾಡುವವನೂ ಅವನೇ, ಬರುವಾಗ ಯಾರೋ ಒಬ್ಬರು ತಪ್ಪಿಸಿಕೊಂಡರೆ ಬೈಸಿಕೊಳ್ಳುವವನೂ ಅವನೇ.

ಓದಿದವರ ನಡುವೆ ಇಂಥವನನ್ನು ಅರ್ಧ ಪಾಸ್ಟರ್ ಎಂಬಂತೆ ಕಾಣುವ ಚಾಳಿಯಿದೆ. ಅವರು ನಮ್ಮ ಸಭೆಯ ಚರಿತ್ರೆಯನ್ನೇ ಓದಿಲ್ಲ. 1740ರ ಆಸುಪಾಸಿನಲ್ಲಿ ಲಂಡನ್ನಿನಲ್ಲಿ ಥಾಮಸ್ ಮ್ಯಾಕ್ಸ್‌ಫೀಲ್ಡ್ ಎಂಬ ಪಾದ್ರಿ ದೀಕ್ಷೆಯಿಲ್ಲದ ಮನುಷ್ಯ ಪ್ರಸಂಗ ಮಾಡುತ್ತಿದ್ದಾನೆಂದು ತಿಳಿದು ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿ ಅದನ್ನು ನಿಲ್ಲಿಸಲೆಂದೇ ಓಡಿ ಬಂದರು. ತಡೆದದ್ದು ಅವರ ತಾಯಿ ಸುಸನ್ನಾ: ಮೊದಲು ಕುಳಿತು ಕೇಳು, ಫಲವೇನೆಂದು ನೋಡು, ಆಮೇಲೆ ತೀರ್ಪು ಕೊಡು ಎಂದರಂತೆ. ವೆಸ್ಲಿ ಕೇಳಿದರು, ಸುಮ್ಮನಾದರು. ಇನ್ನು ನಮ್ಮ ಬೀದರ್, ಕಲಬುರಗಿ, ಯಾದಗಿರಿಗೆ ಮಿಷನ್ ತಂದ ಅಮೆರಿಕದ ಮೆಥೋಡಿಸ್ಟರ ಮೂಲ ಯಾವುದು? ನ್ಯೂಯಾರ್ಕಿನಲ್ಲಿ 1766ರಲ್ಲಿ ಬಾರ್ಬರಾ ಹೆಕ್ ಎಂಬ ಹೆಂಗಸು ಗದರಿಸಿ ಎಬ್ಬಿಸಿದ ಮೇಲೆ ಫಿಲಿಪ್ ಎಂಬರಿ ಎಂಬ ಬಡಗಿ ತನ್ನ ಮನೆಯಲ್ಲೇ ನಾಲ್ಕಾರು ಜನರಿಗೆ ಪ್ರಸಂಗ ಮಾಡಿದ. ಒಬ್ಬ ಬಡಗಿಯಿಂದ ಮೊದಲಾದ ಸಭೆಯಲ್ಲಿ ಕುಳಿತು ನಾವು ಗೌಂಡಿಯ ಪ್ರಸಂಗಕ್ಕೆ ಮೂಗು ಮುರಿಯುತ್ತೇವೆ.

ಗೌಂಡಿ ಎಂದದ್ದು ಸುಮ್ಮನೆ ಅಲ್ಲ. ನನ್ನ ತಾಯಿಯ ತವರೂರಿನಲ್ಲಿ ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದ ಒಬ್ಬ ಸುವಾರ್ತಿಕರಿದ್ದರು. ಹಗಲೆಲ್ಲ ಗೋಡೆ ಕಟ್ಟುವುದು, ಸಂಜೆ ಕೈಕಾಲು ತೊಳೆದು ಬೈಬಲ್ ತೆರೆಯುವುದು. ಅವರ ಪ್ರಸಂಗ ಏನೂ ಅದ್ಭುತವಾಗಿರಲಿಲ್ಲ, ನಿಜ ಹೇಳಬೇಕೆಂದರೆ ಉದ್ದವಾಗಿರುತ್ತಿತ್ತು, ಯೋಸೇಫನ ಕಥೆಗೆ ಸಿಕ್ಕರೆ ಫರೋಹನ ಕನಸು ಮುಗಿಯುವ ಮೊದಲೇ ಮಕ್ಕಳು ನಿದ್ದೆ ಹೋಗುತ್ತಿದ್ದರು. ಆದರೆ ಲಿಂಗಾಯತರ ಮನೆಯಾಗಲಿ, ಮುಸ್ಲಿಮರ ಮನೆಯಾಗಲಿ, ಕಟ್ಟುವ ಕೆಲಸವಿದ್ದರೆ ಮೊದಲು ಅವರನ್ನೇ ಕರೆಯುತ್ತಿದ್ದರು. ಒಮ್ಮೆ ಒಂದು ಗೋಡೆ ವಾಲಿದ್ದು ಮಾಲೀಕನಿಗಿಂತ ಮೊದಲು ಅವರ ಕಣ್ಣಿಗೆ ಬಿತ್ತು. ಕೆಡವಿ ಮತ್ತೆ ಕಟ್ಟಿದರು, ಆ ದಿನಗಳ ಕೂಲಿ ಬೇಡವೆಂದರು. ಊರಿನಲ್ಲಿ ಈ ಮಾತು ಬೈಬಲ್ಲಿನ ಮಾತಿಗಿಂತ ಬೇಗ ಹರಡಿತು. ಒಬ್ಬ ಶೆಟ್ಟರು ಅವರನ್ನು ಪಕ್ಕಕ್ಕೆ ಕರೆದು, ನಿಮ್ಮ ಪುಸ್ತಕದಲ್ಲಿ ಏನು ಬರೆದಿದೆ ಎಂದು ಕೇಳಿದರಂತೆ. ಶೆಟ್ಟರು ಕ್ರೈಸ್ತರಾಗಲಿಲ್ಲ. ಕಾಕಾ ಅದಕ್ಕಾಗಿ ಬೇಸರಪಟ್ಟದ್ದನ್ನೂ ನಾನು ಕಾಣೆ. ಇಬ್ಬರೂ ಕಟ್ಟೆಯ ಮೇಲೆ ಕುಳಿತು ಮಾತನಾಡುವುದು ಮಾತ್ರ ನಿಲ್ಲಲಿಲ್ಲ.

ಅಪೊಸ್ತಲ ಪೌಲನು ಸಂಸ್ಥೆಗಳ ಸಂಬಳ ಎಣಿಸುತ್ತ ಕೂರಲಿಲ್ಲ. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರ ಹೊಲಿಯುವ ಕಸುಬು ಮಾಡಿದ. ಥೆಸಲೋನಿಕದವರಿಗೆ ಬರೆಯುವಾಗ, ನಿಮ್ಮ ಮೇಲೆ ಭಾರ ಹಾಕಬಾರದೆಂದು ಹಗಲಿರುಳು ದುಡಿದೆವು ಎಂದು ನೆನಪಿಸುತ್ತಾನೆ. ಸಭಾಪಾಲಕರಿಗೆ ಸಂಬಳ ಬೇಡವೆಂದು ನಾನು ಹೇಳುತ್ತಿಲ್ಲ, ಅವರದು ಪೂರ್ಣಾವಧಿಯ ಕೆಲಸ, ಮನೆ ನಡೆಯಬೇಕು. ಸುವಾರ್ತಿಕನ ಬಲವಿರುವುದೇ ಬೇರೆ ಕಡೆ: ತನ್ನ ಅನ್ನ ತಾನು ದುಡಿಯುವವನ ಮಾತಿಗೆ ಯಾರೂ ಬೆಲೆ ಕಟ್ಟಲಾರರು. ಇದನ್ನು ನಮ್ಮ ಜಿಲ್ಲೆಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ನಮ್ಮದೇ ಕಲ್ಯಾಣದಲ್ಲಿ ಗಂಡ ಹೆಚ್ಚಿಗೆ ಅಕ್ಕಿ ಆಯ್ದು ತಂದಾಗ ವಾಪಸು ಸುರಿದು ಬರಲು ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆ ಯಾರಿಗೆ ಗೊತ್ತಿಲ್ಲ? ಅಂಥ ನೆಲದಲ್ಲಿ ನಿಂತು, ಪ್ರಾರ್ಥನೆ ಮುಗಿಯುವ ಮುನ್ನವೇ ಪರದೆಯ ಮೇಲೆ ಕ್ಯೂಆರ್ ಕೋಡ್ ತೋರಿಸುವವರನ್ನು ನೋಡಿದರೆ ತಲೆ ತಗ್ಗಿಸುವಂತಾಗುತ್ತದೆ.

ಇದಕ್ಕಿಂತ ಹೆಚ್ಚು ಸಿಟ್ಟು ಬರುವ ಸಂಗತಿ ಇನ್ನೊಂದಿದೆ. ನಮ್ಮ ಸಂಬಂಧಿಕರಲ್ಲೇ ಒಬ್ಬ ಹೆಣ್ಣುಮಗಳಿಗೆ ಟಿಬಿ ಆಗಿತ್ತು. ಸರ್ಕಾರಿ ಮಾತ್ರೆ ಶುರುವಾಗಿ ಕೆಮ್ಮು ಕಡಿಮೆಯಾಗಿತ್ತು. ಯಾವುದೋ ಸ್ವಸ್ಥತಾ ಕೂಟಕ್ಕೆ ಹೋದಳು. ನಿನಗೆ ಗುಣವಾಗಿದೆ, ಇನ್ನೂ ಮಾತ್ರೆ ನುಂಗುವುದು ಅವಿಶ್ವಾಸ ಎಂದರಂತೆ. ಬಿಟ್ಟಳು. ಸಾಮಾನ್ಯ ಟಿಬಿಗೂ ಆರು ತಿಂಗಳು ತಪ್ಪದೆ ಮಾತ್ರೆ ನುಂಗಬೇಕು, ನಡುವೆ ಬಿಟ್ಟರೆ ರೋಗ ಮರಳಬಹುದು, ಅದೂ ಆ ಔಷಧಕ್ಕೇ ಜಗ್ಗದಂತೆ. ಅವಳ ವಿಷಯದಲ್ಲಿ ಮರಳಿತು. ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದವರು, ಆಮೇಲೆ ದಿನಾ ಬಾಗಿಲಿಗೆ ಬಂದು ಮಾತ್ರೆ ನುಂಗಿಸಿದವರು ಆ ಬೋಧಕರಲ್ಲ, ಊರಿನ ಲೇ ಲೀಡರ್, ಅಂದರೆ ಪಾದ್ರಿಯಲ್ಲದ ಸಭಾ ಮುಖಂಡೆ, ಆಗಿದ್ದ ಒಬ್ಬ ಅಕ್ಕ. ಆ ಅಕ್ಕ ಮೊದಲು ನೀರು ಕೊಡುತ್ತಿದ್ದರು, ಮಾತ್ರೆ ಕೊಡುತ್ತಿದ್ದರು, ಆಮೇಲೆ ಪ್ರಾರ್ಥಿಸುತ್ತಿದ್ದರು. ಯಾದಗಿರಿಯ ಹೋಲ್ಸ್ಟನ್ ಆಸ್ಪತ್ರೆಯಂಥವನ್ನು ಕಟ್ಟಿದ ಸಭೆಯವರು ನಾವು. ಔಷಧವನ್ನು ಅವಿಶ್ವಾಸ ಎನ್ನುವವನಿಗೆ ನಮ್ಮ ವೇದಿಕೆಯಲ್ಲಿ ಏನು ಕೆಲಸ?

ಹೆಂಗಸರ ಮಾತು ಬಂತು. ಮಿಷನ್ ಕಾಲದಲ್ಲಿ ಬೈಬಲ್ ಸ್ತ್ರೀಯರು ಗಂಡಸರು ಕಾಲಿಡಲಾಗದ ಒಳಮನೆಗಳಿಗೆ ಹೋಗಿ ಓದು ಕಲಿಸುತ್ತಿದ್ದರು, ಬಾಣಂತಿಯರನ್ನು ನೋಡುತ್ತಿದ್ದರು. ಇವತ್ತಿಗೂ ಕೂಟ ನಡೆಸುವವರು ಅವರೇ. ಕಮಿಟಿಯ ಫೋಟೋದಲ್ಲಿ ಮಾತ್ರ ಮೀಸೆಗಳು.

ಮಾತಿನ ಗುಣದ ಬಗ್ಗೆ ಹೇಳಲೇಬೇಕು. ಎಫೆಸದಲ್ಲಿ ಪೌಲನ ವಿರುದ್ಧ ದೊಂಬಿಯೆದ್ದಾಗ ಜನರನ್ನು ಸಮಾಧಾನಪಡಿಸಿದವನು ಆ ಊರಿನ ಅಧಿಕಾರಿ, ಕ್ರೈಸ್ತನಲ್ಲ. ಅವನು ಕೊಟ್ಟ ಕಾರಣ ಅಪೊಸ್ತಲರ ಕೃತ್ಯಗಳ 19ನೇ ಅಧ್ಯಾಯದಲ್ಲಿದೆ: ಇವರು ನಮ್ಮ ದೇವಿಯನ್ನು ದೂಷಿಸಿದವರಲ್ಲ. ಎಷ್ಟು ಪ್ರಸಂಗಗಳಲ್ಲಿ ಈ ವಚನ ಕೇಳಿದ್ದೀರಿ? ನಾನಂತೂ ಕೇಳಿಲ್ಲ. ಬಂದೇ ನವಾಜರ ದರ್ಗಾಕ್ಕೆ, ಶರಣಬಸವೇಶ್ವರರ ಜಾತ್ರೆಗೆ, ನಾನಕ್ ಝೀರಾಕ್ಕೆ ಜಾತಿ ಮತ ನೋಡದೆ ಜನ ಹೋಗುವ ನಾಡು ಇದು. ಇಲ್ಲಿ ಪಕ್ಕದ ಮನೆಯ ದೇವರನ್ನು ಮೈಕಿನಲ್ಲಿ ಬೈಯುವವನು ಧೈರ್ಯವಂತನಲ್ಲ, ಅವನಿಗೆ ಪಕ್ಕದ ಮನೆಯವರ ಪರಿಚಯವೇ ಇಲ್ಲ, ಅಷ್ಟೆ. ಕೇಳಿದವರಿಗೆ ಸಾತ್ವಿಕತೆಯಿಂದ ಉತ್ತರಿಸಿ ಎಂದು ಪೇತ್ರ ಬರೆದ. ಅವನು ಹೇಳಿದ್ದು ಕೇಳಿದವರಿಗೆ.

ಸತ್ಯವಂತಿಕೆ ಎಂದರೆ ಕಷ್ಟದ ಸತ್ಯವನ್ನೂ ಹೇಳುವುದು. ಸಂವಿಧಾನದ 25ನೇ ವಿಧಿ ಮತಪ್ರಚಾರದ ಹಕ್ಕು ಕೊಟ್ಟಿದೆ. ಆದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ನಮ್ಮ ರಾಜ್ಯದಲ್ಲಿ 2022ರಲ್ಲಿ ಮತಾಂತರ ತಡೆ ಕಾನೂನು ಬಂತು, ಅದನ್ನು ರದ್ದುಮಾಡಲು 2023ರಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಕಾನೂನು ಬರಲಿ ಹೋಗಲಿ, ಆಮಿಷ ಒಡ್ಡುವುದು ಪಾಪವೇ. ಇದಕ್ಕಿಂತ ಸೂಕ್ಷ್ಮವಾದದ್ದು 1950ರ ಪರಿಶಿಷ್ಟ ಜಾತಿಗಳ ಆದೇಶ. ಕ್ರೈಸ್ತನಾದ ದಲಿತನಿಗೆ ಆ ಸ್ಥಾನಮಾನವಿಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ನಮ್ಮನ್ನು ಸೇರಿಸಲಿಲ್ಲ. ಇದು ಅನ್ಯಾಯವೆಂದೇ ನನ್ನ ನಂಬಿಕೆ, ಊರಿನ ಬಾವಿಕಟ್ಟೆ ನಮ್ಮ ದೀಕ್ಷಾಸ್ನಾನದ ರಿಜಿಸ್ಟರ್ ನೋಡಿ ದೂರ ಇಟ್ಟದ್ದಲ್ಲ. ಆದರೆ ಅನ್ಯಾಯ ಇರುವವರೆಗೂ ಅದರ ಬೆಲೆ ತೆರುವವರು ಹೊಸದಾಗಿ ಬಂದವರ ಮಕ್ಕಳು. ಹಾಸ್ಟೆಲ್ ಸೀಟು, ವಿದ್ಯಾರ್ಥಿವೇತನ, ನೌಕರಿ ಎಲ್ಲದರ ಮೇಲೂ ಪರಿಣಾಮವಿದೆ ಎಂದು ಕುಳ್ಳಿರಿಸಿ ಹೇಳದೆ ನೀರಿಗೆ ಇಳಿಸುವವನನ್ನು ನಾನು ಸುವಾರ್ತಿಕ ಎನ್ನಲಾರೆ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಡವೇ ಎಂದು ಕೇಳಿದವನು ಯೇಸುವೇ.

ಹೊಸ ಒಡಂಬಡಿಕೆಯಲ್ಲಿ ಸುವಾರ್ತಿಕನೆಂಬ ಹೆಸರು ಹೊತ್ತಿರುವವನು ಫಿಲಿಪ್ಪ. ಅವನೂ ಸೇರಿ ಏಳು ಮಂದಿಯನ್ನು ಮೊದಲು ಆರಿಸಿದ್ದು ವಿಧವೆಯರಿಗೆ ಊಟ ಹಂಚುವುದರಲ್ಲಿ ಭೇದವಾಗಬಾರದೆಂದು. ಆ ಏಳು ಮಂದಿಯಲ್ಲಿ ನೋಡಬೇಕೆಂದು ಹೇಳಿದ್ದು ಆತ್ಮ, ಜ್ಞಾನಗಳ ಜೊತೆಗೆ ಒಳ್ಳೆಯ ಹೆಸರು. ಗಂಟಲಿನ ಸುದ್ದಿಯೇ ಇಲ್ಲ.

1746ರಲ್ಲಿ ವೆಸ್ಲಿಯವರ ಕಾನ್ಫರೆನ್ಸ್ ಬೋಧಕರನ್ನು ಪರೀಕ್ಷಿಸಲು ಮೂರು ವಿಷಯ ಇಟ್ಟಿತು: ಕೃಪೆ ಇದೆಯೇ, ವರ (ಬೋಧಿಸುವ ಸಾಮರ್ಥ್ಯ) ಇದೆಯೇ, ಫಲ ಇದೆಯೇ. ನಮ್ಮ ಸಭೆಗಳಲ್ಲಿ ಈಗ ಎರಡನೆಯದನ್ನು ಮಾತ್ರ ನೋಡುತ್ತಿದ್ದೇವೆ, ಅದೂ ಮೈಕಿನ ಮುಂದೆ. ನನ್ನ ಸಲಹೆ ಸರಳವಾದದ್ದು. ಸಭಾಧ್ಯಕ್ಷನು ಹೊರಗಿನವರಿಂದಲೂ ಒಳ್ಳೆಯ ಹೆಸರು ಪಡೆದಿರಬೇಕೆಂದು ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿದೆ. ಅದನ್ನೇ ಸುವಾರ್ತಿಕರಿಗೂ ಅನ್ವಯಿಸೋಣ. ಯಾರನ್ನಾದರೂ ಈ ಕೆಲಸಕ್ಕೆ ನೇಮಿಸುವ ಮೊದಲು, ಆಮೇಲೆ ಪ್ರತಿ ವರ್ಷ, ಅವನ ಓಣಿಯ ಕ್ರೈಸ್ತರಲ್ಲದ ಇಬ್ಬರು ಮೂವರನ್ನು ಕಮಿಟಿಯವರು ಹೋಗಿ ಮಾತನಾಡಿಸಲಿ. ಸಾಲ ತೀರಿಸುತ್ತಾನೆಯೇ, ಹೆಂಡತಿಯ ಮೇಲೆ ಕೈ ಮಾಡುತ್ತಾನೆಯೇ, ಕಾಯಿಲೆ ಬಿದ್ದಾಗ ಬಂದಿದ್ದನೇ ಎಂದು ಕೇಳಲಿ.

ಇದನ್ನು ಬಾಯಿಮಾತಿನಲ್ಲಿ ಹೇಳಿದಾಗ ಒಬ್ಬ ಹಿರಿಯರು, ನಮ್ಮ ಸಭೆಯ ವಿಷಯವನ್ನು ಹೊರಗಿನವರ ಮುಂದೆ ಏಕೆ ಒಯ್ಯಬೇಕು ಎಂದರು. ಹೊರಗಿನವರಿಗೆ ಹೇಳಲೆಂದೇ ತಾನೇ ಸುವಾರ್ತಿಕನನ್ನು ಕಳಿಸುವುದು ಎಂದೆ. ಅವರು ಒಪ್ಪಿಲ್ಲ. ಮುಂದಿನ ಸಭೆಯ ಚರ್ಚೆಗೆ ಸೇರಿಸಿಕೊಳ್ಳಿ ಎಂದು ಬರವಣಿಗೆಯಲ್ಲೇ ಕೊಟ್ಟಿದ್ದೇನೆ. ವಿರೋಧವಿರುವವರು ಅಲ್ಲಿಗೆ ಬಂದು ಮಾತನಾಡಲಿ, ರಾತ್ರಿ ವಾಟ್ಸಾಪ್‌ನಲ್ಲಿ ಶಾಪದ ವಚನಗಳನ್ನು ಕಳಿಸುವುದು ಬೇಡ.