ಹೊಟ್ಟೆಗೆ ತಣ್ಣೀರು ಬಟ್ಟೆ, ವಿಹಾರಕ್ಕೆ ಹಡಗು

ನಾನು ನೈಜೀರಿಯಾದ ಆರ್ಥಿಕ ಸುಧಾರಣೆಯ ಕಟ್ಟಾ ಬೆಂಬಲಿಗ. ಸಮುದ್ರದ ಈಚೆ ಫ್ಯಾನ್ ಕೆಳಗೆ ಕೂತು ಬೆಂಬಲಿಸಲು ಖರ್ಚೇನೂ ಇಲ್ಲ ನೋಡಿ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅನ್ನುವ ಗಾದೆ ನಮ್ಮದು. ಆದರೆ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದು ಅವರು. 1956ರಲ್ಲಿ ಓಲೋಯಿಬಿರಿ ಎಂಬ ಹಳ್ಳಿಯಲ್ಲಿ ಎಣ್ಣೆ ಸಿಕ್ಕಿತು. ಆಮೇಲೆ ಸರ್ಕಾರದ ಕೈಯಲ್ಲಿ ನಾಲ್ಕು ಸಂಸ್ಕರಣಾ ಘಟಕ ಆದವು. ದಿನಕ್ಕೆ 4,45,000 ಬ್ಯಾರೆಲ್ ತಾಕತ್ತು, ಕಾಗದದ ಮೇಲೆ. ವರ್ಷಗಟ್ಟಲೆ ಅಲ್ಲಿ ಹೆಚ್ಚೇನೂ ಕುದಿಯಲಿಲ್ಲ. ಕಚ್ಚಾ ತೈಲ ಹೊರಗೆ ಹೋಯಿತು, ಪೆಟ್ರೋಲ್ ಒಳಗೆ ಬಂತು. ಸ್ವಂತ ಗದ್ದೆಯ ಭತ್ತ ಮಾರಿ, ಪಕ್ಕದೂರಿನ ಹೋಟೆಲಿನಿಂದ ಅನ್ನ ತರಿಸಿಕೊಂಡ ಹಾಗೆ. ಜಾಸ್ತಿ ಬೆಲೆಗೆ ತಂದದ್ದನ್ನು ಸಬ್ಸಿಡಿ ಕೊಟ್ಟು ಕಡಿಮೆ ಬೆಲೆಗೆ ಮಾರಿದರು. ಅದರಲ್ಲೂ ಒಂದಿಷ್ಟು ಗಡಿ ದಾಟಿ ಬೆನಿನ್ ದೇಶದ ರಸ್ತೆಬದಿಯ ಬಾಟಲಿ ಸೇರಿತು. ನೈಜೀರಿಯಾದ ಬೊಕ್ಕಸ, ಬೆನಿನ್‌ನ ಬೈಕು!

ಇಂಥ ಸಬ್ಸಿಡಿ ಹೋಗಬೇಕಿತ್ತು. ಎರಡು ಮಾತಿಲ್ಲ. 2023ರ ಮೇ 29ರಂದು ಬೋಲಾ ಟಿನುಬು ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡರು, ಅದೇ ಭಾಷಣದಲ್ಲಿ ಸಬ್ಸಿಡಿ ಹೋಯಿತು ಅಂದರು. ಭಾಷಣ ಮುಗಿದು ಹೂಮಾಲೆ ಬಾಡುವ ಮೊದಲೇ ಬಂಕುಗಳ ಮುಂದೆ ಸಾಲು ಬೆಳೆದಿತ್ತು. ಪೆಟ್ರೋಲ್ ಲೀಟರಿಗೆ ಸುಮಾರು 190 ನೈರಾ (ಅಲ್ಲಿನ ದುಡ್ಡು) ಇದ್ದದ್ದು ಕೆಲವೇ ದಿನಗಳಲ್ಲಿ ಎಷ್ಟೋ ಕಡೆ 500 ದಾಟಿತು. 2024ರ ಅಕ್ಟೋಬರಿನಲ್ಲಿ ಸಾವಿರವನ್ನೂ ದಾಟಿತು. ಕರೆಂಟ್ ನೆಚ್ಚಿಕೊಳ್ಳಲಾಗದ ದೇಶ ಅದು. ಪೆಟ್ರೋಲ್ ಅಂದರೆ ಬರೀ ಕಾರಲ್ಲ, ಮನೆಯ ಜನರೇಟರು, ಕ್ಷೌರದಂಗಡಿಯ ಮಿಷನ್ನು, ಮೀನಂಗಡಿಯ ಫ್ರೀಜರು ಎಲ್ಲವೂ.

ಹಾಗಂತ ಸರ್ಕಾರ ಸುಮ್ನೆ ಕೂರಲಿಲ್ಲ. ಕನಿಷ್ಠ ವೇತನವನ್ನು 30,000 ನೈರಾದಿಂದ 70,000ಕ್ಕೆ ಏರಿಸಿತು. ಎರಡು ಪಟ್ಟಿಗಿಂತ ಜಾಸ್ತಿ! ನಾನೂ ಚಪ್ಪಾಳೆ ತಟ್ಟಲು ಕೈ ಎತ್ತಿದೆ. ಆಮೇಲೆ ಲೆಕ್ಕ ಹಾಕಿದೆ. ಹಳೇ ಸಂಬಳಕ್ಕೆ ತಿಂಗಳಿಗೆ 150 ಲೀಟರಿಗೂ ಹೆಚ್ಚು ಪೆಟ್ರೋಲ್ ಬರುತ್ತಿತ್ತು. ಹೊಸದಕ್ಕೆ, ಆ ಅಕ್ಟೋಬರಿನ ಬೆಲೆಯಲ್ಲಿ, 70 ಲೀಟರೂ ಬರುತ್ತಿರಲಿಲ್ಲ. ಎತ್ತಿದ ಕೈಯಿಂದ ತಲೆ ಕೆರೆದುಕೊಂಡೆ.

ಬೆಂಬಲಿಗ ನಾನೊಬ್ಬನೇ ಅಲ್ಲ. 2024ರ ಜೂನಿನಲ್ಲಿ ವಿಶ್ವಬ್ಯಾಂಕ್ ಸುಧಾರಣೆಗೆ ಬೆಂಬಲ ಎಂದು 225 ಕೋಟಿ ಡಾಲರ್ ಮಂಜೂರು ಮಾಡಿತು. ಸಾಲವಾಗಿ, ಮತ್ತೆ! ಬೆನ್ನು ತಟ್ಟಿದ ಕೈಗೂ ಬಡ್ಡಿ ಕಟ್ಟಬೇಕು.

ಈಗ ಹಡಗಿನ ವಿಷಯ. ಜನ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡಿದ್ದ 2023ರಲ್ಲೇ, ಪೂರಕ ಬಜೆಟ್ಟಿನಲ್ಲಿ ಅಧ್ಯಕ್ಷರ ವಿಹಾರನೌಕೆಗೆಂದು ಸುಮಾರು 500 ಕೋಟಿ ನೈರಾ ಕಾಣಿಸಿಕೊಂಡಿತು. ಗಲಾಟೆಯಾದ ಮೇಲೆ, ಕೇಳಿದ್ದು ನಾವಲ್ಲ, ನೌಕಾಪಡೆ ಎಂಬ ಸಮಜಾಯಿಷಿ ಬಂತು. ಕೆಳಮನೆ ಆ ಹಣವನ್ನು ವಿದ್ಯಾರ್ಥಿಗಳ ಸಾಲಕ್ಕೆ ತಿರುಗಿಸಿತು. ಬಜೆಟ್ಟಿನಲ್ಲಿ ನೌಕೆ ಬರೆದವರ ಧೈರ್ಯಕ್ಕಾದರೂ ಒಂದು ಪದಕ ಕೊಡಬಹುದಿತ್ತು.

ಅಧಿಕಾರಕ್ಕೆ ಬಂದು ವರ್ಷ ತುಂಬಿದ ದಿನ ಜನರಿಗೆ ಉಡುಗೊರೆಯಾಗಿ ರಾಷ್ಟ್ರಗೀತೆಯನ್ನೇ ಬದಲಿಸಿದರು. 1978ರಲ್ಲಿ ಬಿಟ್ಟಿದ್ದ ಹಳೆಯ ಹಾಡು, ಬ್ರಿಟಿಷ್ ಮಹಿಳೆ ಬರೆದದ್ದು, ವಾಪಸ್ ಬಂತು. ಹಳೇ ಬೆಲೆ ಕೇಳಿದ್ದ ಜನರಿಗೆ ಹಳೇ ಹಾಡು ಸಿಕ್ಕಿತು.

2024ರ ಆಗಸ್ಟ್ ಮೊದಲ ವಾರ ಹಸಿವಾಗಿದೆ ಎಂದು ಜನ ಬೀದಿಗಿಳಿದರು. ಅದೇ ತಿಂಗಳು ಅಧ್ಯಕ್ಷರು ಹೊಸದಾಗಿ ಕೊಂಡ ಏರ್‌ಬಸ್ ಎ330 ಹತ್ತಿ ಫ್ರಾನ್ಸಿಗೆ ಹಾರಿದರು. ಇದರಿಂದ ದೇಶಕ್ಕೆ ಇಂಧನದ ಖರ್ಚು ಉಳಿಯುತ್ತದೆ ಎಂದು ಅವರ ಕಚೇರಿ ವಿವರಿಸಿತು.